ನಮ್ಮ ಕಾರಿನ ನೀರು ಎಲ್ಲಿಗೆ ಹೋಗ್ತಿತ್ತು

ಮೆಕ್ಯಾನಿಕ್ಕನ್ನ ಮದುವೆಯಾದವಳು ನಗೋದಕ್ಕೆ ಅಂತ ಬೇರೆ ಕಡೆ ಹೋಗಬೇಕಾಗಿಲ್ಲ. ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಸಾಕು, ಯಾರೋ ಒಬ್ಬರು ಬಾನೆಟ್ ಎತ್ತಿಕೊಂಡು, ಮಗುವಿಗೆ ಜ್ವರ ಬಂದವರ ಹಾಗೆ ಮುಖ ಮಾಡಿಕೊಂಡು ನಿಂತಿರುತ್ತಾರೆ. ಹಿಂದೂಪುರದಲ್ಲಿ ನಮ್ಮದು ಹಿಂದೆ ಮನೆ, ಮುಂದೆ ಶೆಡ್ಡು, ನಡುವೆ ಒಂದು ಬಾಗಿಲು. ಆ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ನಾನು ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತೇನೆ. ಇಪ್ಪತ್ತೆರಡು ವರ್ಷದಿಂದ ಶೆಡ್ಡಿನ ಮಾತೆಲ್ಲ ನನ್ನ ಕಿವಿಗೆ ಬೀಳುತ್ತಲೇ ಇದೆ.

ನಮ್ಮನೆಯವರು ಮಗ್ಗದ ಮನೆಯಲ್ಲಿ ಹುಟ್ಟಿದವರು. ಅವರಪ್ಪ ರೇಷ್ಮೆ ನೇಯುತ್ತಿದ್ದರು. ಇವರು ಮಾತ್ರ ಮಗ್ಗ ಬಿಟ್ಟು ರೇಡಿಯೇಟರ್ ಹಿಡಿದರು. ಊರಲ್ಲಿ ಇವರಿಗೆ ನೀರಿನ ಡಾಕ್ಟ್ರು ಅಂತ ಹೆಸರು. ಎಂಜಿನ್ನನ್ನ ತಣ್ಣಗಿಡುವ ಬಣ್ಣದ ನೀರು ಇರುತ್ತಲ್ಲ, ಕೂಲೆಂಟ್ ಅಂತಾರೆ, ಅದು ಕೂದಲೆಳೆಯಷ್ಟು ಬಿರುಕಿನಲ್ಲಿ ಸೋರಿದರೂ ಇವರು ಹಿಡಿದುಬಿಡುತ್ತಾರೆ. ನಮ್ಮದೇ ಕಾರಿನ ನೀರು ಕಮ್ಮಿಯಾಗೋಕೆ ಶುರುವಾಗುವವರೆಗೂ ನಾನೂ ಹಾಗೇ ಅಂದುಕೊಂಡಿದ್ದೆ.

ತುಳಸಿ ಗಿಡ

ಮೊದಲು ಇವರ ಕೈಗುಣ ಹೇಳಿಬಿಡುತ್ತೇನೆ, ಆಮೇಲೆ ನಮ್ಮ ಕತೆ.

ಹೋದ ಬೇಸಿಗೆಯಲ್ಲಿ ಗೋರಂಟ್ಲದಿಂದ ಒಬ್ಬರು ಮೇಷ್ಟ್ರು ಬಂದರು. ಹೊಸದಾಗಿ ಮದುವೆಯಾಗಿತ್ತು, ಕಾರೂ ಹೊಸದಾಗಿ ತಗೊಂಡಿದ್ದರು. ಕಾರು ನಿಲ್ಲಿಸಿದ ಕಡೆಯೆಲ್ಲ ಕೆಳಗೆ ನೀರು ನಿಲ್ಲುತ್ತದಂತೆ. ಹದಿನೈದು ದಿನದಿಂದ ಹಿಂದಿನ ಸೀಟಿನ ತುಂಬ ನೀರಿನ ಬಾಟಲಿ ಇಟ್ಟುಕೊಂಡು ಓಡಾಡುತ್ತಿದ್ದರು, ಎಂಜಿನ್ ಎಲ್ಲಿ ಕಾದು ನಿಂತುಬಿಡುತ್ತದೋ ಅಂತ.

ಇವರು ಬಗ್ಗಿ ಆ ನೀರನ್ನ ಬೆರಳಲ್ಲಿ ಮುಟ್ಟಿದರು, ಹೆಬ್ಬೆರಳಿಗೆ ಉಜ್ಜಿದರು, ಮೂಗಿನ ಹತ್ತಿರ ಹಿಡಿದರು.

"ಇದು ಎ.ಸಿ. ನೀರು ಸಾರ್. ಬಣ್ಣ ಇಲ್ಲ, ಜಿಡ್ಡಿಲ್ಲ, ಸಿಹಿ ವಾಸನೆ ಇಲ್ಲ. ಕೂಲೆಂಟ್ ಆಗಿದ್ರೆ ಮೂರೂ ಇರ್ತಿತ್ತು. ಎ.ಸಿ. ಹಾಕಿದ್ರೆ ಇಷ್ಟು ನೀರು ಬೀಳ್ಲೇಬೇಕು. ನಿಮ್ ಗಾಡಿ ಚೆನ್ನಾಗೈತೆ, ಹೋಗ್ಬನ್ನಿ."

ಮೇಷ್ಟ್ರಿಗೆ ಹೋದ ಜೀವ ಬಂತು. ಆದರೆ ಹೋಗಲಿಲ್ಲ, ಅಲ್ಲೇ ನಿಂತರು. "ಮನೇಲೂ ಒಂದ್ಮಾತು ನೀವೇ ಹೇಳ್ಬಿಡಿ" ಅಂತ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಇವರು ಎಲ್ಲ ಮೊದಲಿಂದ ವಿವರಿಸಿದರು. ಆ ಕಡೆಯಿಂದ ಹೆಂಡತಿಯ ದನಿ ಬಂತು. ಆಕೆ ಅಷ್ಟು ದಿನದಿಂದ ಕಾರಿನ ಕೆಳಗೆ ಬೇಸಿನ್ ಇಟ್ಟು, ಆ ನೀರು ಹಿಡಿದು, ತುಳಸಿ ಗಿಡಕ್ಕೆ ಹಾಕುತ್ತಿದ್ದರಂತೆ.

"ಕೆಟ್ಟಿಲ್ಲ ಅಂದ್ರಲ್ಲ ಅಣ್ಣ, ಸಂತೋಷ. ಇನ್ನೂ ಸ್ವಲ್ಪ ಜಾಸ್ತಿ ಬೀಳೋಹಂಗೆ ಮಾಡಕ್ಕಾಯ್ತದಾ?"

ಪೇಪರಿನ ಮೇಲೆ ಒಂದು ಕಲೆ

ಈಗ ನಮ್ಮ ಕಾರು. ಹಳೇದು, ಇವರೇ ರಿಪೇರಿ ಮಾಡಿ ನಿಲ್ಲಿಸಿದ್ದು. ಈ ವರ್ಷದ ಮೊದಲಲ್ಲಿ ಕಲ್ಯಾಣದುರ್ಗದಲ್ಲಿ ನಮ್ಮಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಅಲ್ಲಿ ಅಪ್ಪ ಇದ್ದಾರೆ, ತಮ್ಮ ಮತ್ತು ಅವನ ಹೆಂಡತಿ ಇದ್ದಾರೆ, ನೋಡಿಕೊಳ್ಳೋಕೆ ಜನ ಇದ್ದರು. ಆದರೆ ಅಮ್ಮನಿಗೆ ತಲೆಗೆ ಎಣ್ಣೆ ಹಚ್ಚೋಕೆ ನಾನೇ ಬೇಕು. ಹಾಗಾಗಿ ಹದಿನೈದು ದಿನಕ್ಕೊಂದು ಸಲ ಶನಿವಾರ ಹೋಗಿ ಭಾನುವಾರ ವಾಪಸ್ಸು ಬರುತ್ತಿದ್ದೆವು.

ಕೂಲೆಂಟಿನ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಎರಡು ಗೆರೆ ಇರುತ್ತದೆ. ನೀರು ಆ ಎರಡರ ನಡುವೆ ಇರಬೇಕು. ಕಲ್ಯಾಣದುರ್ಗದಿಂದ ಬಂದ ಮಾರನೇ ದಿನ ನೋಡಿದರೆ ಕೆಳಗಿನ ಗೆರೆಗಿಂತ ಒಂದು ಬೆರಳು ಕಮ್ಮಿ. ಇವರು ತುಂಬಿಸಿದರು. ಮುಂದಿನ ಸಲವೂ ಅಷ್ಟೇ. ಮೂರನೇ ಸಲ ಇವರ ಮುಖ ಬದಲಾಯಿತು.

"ಸೋರ್ತಾ ಐತೆ."

"ಎಲ್ಲಿ?"

"ಅದು ಗೊತ್ತಾಗಿದ್ರೆ ಹೇಳ್ತಿರ್ಲಿಲ್ವಾ?"

ಪೈಪು ನೋಡಿದರು, ಪೈಪಿನ ಕ್ಲಿಪ್ಪು ನೋಡಿದರು, ವಾಟರ್ ಪಂಪಿನ ಕೆಳಗೆ ಕನ್ನಡಿ ಹಿಡಿದು ನೋಡಿದರು. ಎಲ್ಲ ಒಣಗಿತ್ತು. ಕೊನೆಗೆ ರಾತ್ರಿ ಕಾರಿನ ಕೆಳಗೆಲ್ಲ ತೆಲುಗು ಪೇಪರ್ ಹಾಸಿದರು. ಒಂದು ಹನಿ ಬಿದ್ದರೂ ಕಲೆ ಸಿಗುತ್ತದೆ, ಕಲೆಯ ನೇರಕ್ಕೆ ಮೇಲೆ ನೋಡಿದರೆ ಸೋರುವ ಜಾಗ ಸಿಗುತ್ತದೆ ಅಂತ ಲೆಕ್ಕ.

ನಾಲ್ಕು ದಿನ ಏನೂ ಇಲ್ಲ. ಐದನೇ ದಿನ ಬೆಳಗ್ಗೆ ನಾನು ಹಾಲು ಕಾಯಿಸುತ್ತಿದ್ದೆ, "ಲೇ, ಬಾರೇ ಇಲ್ಲಿ, ಸಿಕ್ತು" ಅಂತ ಕೂಗಿದರು. ಹೋಗಿ ನೋಡಿದರೆ ಪೇಪರಿನ ಅಂಚಿನಲ್ಲಿ ಅಂಗೈ ಅಗಲದ ಕಲೆ. ಇವರು ಮಂಡಿಯೂರಿ ಕೂತು, ಬೆರಳಲ್ಲಿ ಮುಟ್ಟಿ, ಹೆಬ್ಬೆರಳಿಗೆ ಉಜ್ಜಿ, ಕಣ್ಣು ಮುಚ್ಚಿ ಮೂಗಿನ ಹತ್ತಿರ ಹಿಡಿದರು. ತುಂಬ ಹೊತ್ತು ಹಿಡಿದೇ ಇದ್ದರು. ಶೆಡ್ಡಿನ ಬಾಗಿಲಲ್ಲಿ ಬೀದಿ ನಾಯಿ ಒಂದು ನಿಂತು ಇವರನ್ನೇ ನೋಡುತ್ತಿತ್ತು.

ಇವರು ಎದ್ದು ನಲ್ಲಿ ಕಡೆ ನಡೆದರು. "ಕೂಲೆಂಟ್ ಅಲ್ಲ" ಅಂದರು ಗಂಭೀರವಾಗಿ.

ಮುಳ್ಳು ಅಲುಗಲಿಲ್ಲ

ಕಣ್ಣಿಗೆ ಕಾಣದ ಸೋರಿಕೆಗೆ ಇವರ ಹತ್ತಿರ ಒಂದು ಕೈಪಂಪು ಇದೆ. ಡಬ್ಬಿಯ ಮುಚ್ಚಳ ತೆಗೆದು ಆ ಜಾಗಕ್ಕೆ ಪಂಪು ಕೂರಿಸಿ ಒಳಗೆ ಗಾಳಿ ಒತ್ತುತ್ತಾರೆ. ಎಲ್ಲಾದರೂ ತೂತಿದ್ದರೆ ಮೀಟರಿನ ಮುಳ್ಳು ಮೆಲ್ಲಗೆ ಇಳಿಯುತ್ತದೆ. ಇವರ ಕೈಯೆಲ್ಲ ಗ್ರೀಸು, ಅದಕ್ಕೆ ಮುಚ್ಚಳ ತೆಗೆಯೋದು ಯಾವಾಗಲೂ ನಾನು. ಮತ್ತೆ ಮುಚ್ಚೋದು ಮಾತ್ರ ಅವರೇ, ಆ ವಿಷಯದಲ್ಲಿ ಯಾರ ಕೈಯನ್ನೂ ನಂಬುವುದಿಲ್ಲ.

ನನ್ನನ್ನ ಮೀಟರಿನ ಮುಂದೆ ಕೂರಿಸಿ, "ಮುಳ್ಳು ಇಳಿದ್ರೆ ಹೇಳು" ಅಂತ ಅವರು ಕಾರಿನ ಕೆಳಗೆ ಹೋದರು. ನಾನು ಒಂದು ಸೀರೆಯ ಕುಚ್ಚು ಮುಗಿಸಿದೆ. ಮುಳ್ಳು ಅಲುಗಲಿಲ್ಲ. ಎರಡನೇ ಸೀರೆ ತಗೊಂಡೆ.

"ಇಳೀತಾ?"

"ಇಲ್ಲ ಕಣ್ರೀ."

"ಸರಿಯಾಗಿ ನೋಡು."

"ಗೋಡೆ ಗಡಿಯಾರದ ಮುಳ್ಳಾದ್ರೂ ಓಡ್ತಾ ಐತೆ, ಇದು ಇಲ್ಲ."

ಸುದ್ದಿ ಬೀದಿಗೆ ಹಬ್ಬಿತು. ಪಕ್ಕದ ಮನೆಯ ಮಗ್ಗದ ತಾತ ಬಂದು, "ಅರಿಶಿನ ಹಾಕಪ್ಪ, ತೂತು ತಾನೇ ಮುಚ್ಚಿಕೊಳ್ತದೆ" ಅಂದರು. ಇವರು ಇಪ್ಪತ್ತೆರಡು ವರ್ಷದಿಂದ ಗಿರಾಕಿಗಳಿಗೆ ಅರಿಶಿನ ಹಾಕಬೇಡಿ ಅಂತ ಬೈದುಕೊಂಡು ಬಂದವರು. ಅವತ್ತು ಬೈಯಲಿಲ್ಲ, ಸುಮ್ಮನೆ ತಲೆ ತಗ್ಗಿಸಿದರು. ನನಗೆ ಅದನ್ನ ನೋಡೋಕೆ ಆಗಲಿಲ್ಲ.

ಕೆಲವು ಸಲ ನೀರು ಕಾರಿನ ಒಳಗಡೆ, ಕಾಲಿಡುವ ಮ್ಯಾಟಿನ ಕೆಳಗೆ ಸೋರುತ್ತದಂತೆ. ಅದನ್ನೂ ಕಿತ್ತು ನೋಡಿದರು. ಒದ್ದೆ ಇರಲಿಲ್ಲ. ಹುರಿದ ಕಡಲೆಕಾಯಿ ಒಂದು ಹಿಡಿ ಸಿಕ್ಕಿತು, ಜೊತೆಗೆ ಹೋದ ವರ್ಷ ನಾನು ಕಳಕೊಂಡು, ಇವರಿಗೆ ಹೇಳದೆ ಬೇರೆ ತಂದು ಹಾಕಿಕೊಂಡಿದ್ದ ಕಾಲುಂಗುರ ಸಿಕ್ಕಿತು. ಇವರು ಅದನ್ನ ಬನಿಯನ್ನಿಗೆ ಒರೆಸಿ, ನನ್ನ ಕಾಲ ಹತ್ತಿರ ಕೂತು, ಗ್ರೀಸಿನ ಕೈಯಲ್ಲೇ ಬೆರಳಿಗೆ ಹಾಕಿದರು. ಮದುವೆ ದಿನ ಕೂಡ ಅಷ್ಟು ನಿಧಾನವಾಗಿ ಹಾಕಿರಲಿಲ್ಲ.

"ಇದು ಸಿಕ್ತು. ಅದು ಸಿಗ್ಲಿಲ್ಲ" ಅಂದರು.

ಅವರ ದುಃಖ ನೋಡಿ ನಾನು ಸಮಾಧಾನ ಮಾಡಿದೆ. "ಹುಡುಕ್ತಾ ಇರಿ. ನನ್ನ ಕೊಡೆಯೂ ಒಂದು ಸಿಗ್ಬೇಕು."

ಬಣ್ಣ ತಿಳಿಯಾಯಿತು

ಒಂದು ದಿನ ಊಟಕ್ಕೆ ಕೂತಾಗ ಇವರು ನನ್ನನ್ನೇ ನೋಡುತ್ತಿದ್ದರು. ಪೊಲೀಸಿನವರು ನೋಡುವ ಥರ.

"ಒಂದ್ ಮಾತು ಕೇಳ್ತೀನಿ, ನಿಜ ಹೇಳು. ಡಬ್ಬಿಗೆ ನೀನೇನಾದ್ರೂ ನೀರು ಹಾಕ್ತಾ ಇದೀಯಾ?"

"ನಾನ್ಯಾಕೆ ಹಾಕ್ಲಿ?"

"ಬಣ್ಣ ತಿಳಿಯಾಗ್ತಾ ಐತೆ. ಬರೀ ಸೋರಿದ್ರೆ ಕಮ್ಮಿ ಆಗ್ಬೇಕು, ಬಣ್ಣ ಹಂಗೇ ಇರ್ಬೇಕು. ನಾನು ಹಾಕೋದು ಹಸಿರು ನೀರು. ಇದು ನೋಡಿದ್ರೆ ಮಜ್ಜಿಗೆಗೆ ನೀರು ಬೆರೆಸ್ದಂಗೆ ಆಗೈತೆ. ಯಾರೋ ನಲ್ಲಿ ನೀರು ಸುರೀತಾ ಅವ್ರೆ."

"ಅದು ನಾನೇ ಅಂತನಾ?"

"ನಾನು ಬೇಜಾರು ಮಾಡ್ಕೊಂತೀನಿ ಅಂತ ಗೊತ್ತಾಗ್ದಂಗೆ ತುಂಬಿಸ್ತಾ ಇರ್ಬೋದು ಅಂತ..."

ನನಗೆ ಕೋಪ ಬಂತು. ಮಾಡದ ತಪ್ಪಿಗಲ್ಲ. ಅಂಥ ಒಳ್ಳೇ ಉಪಾಯ ನನಗೇ ಹೊಳೆಯಲಿಲ್ಲವಲ್ಲ ಅಂತ. ಎರಡು ದಿನ ಮಾತಾಡಲಿಲ್ಲ. ಸಾರಿಗೆ ಉಪ್ಪು ಹಾಕೋದನ್ನೂ ಮರೆತೆ ಅಂತ ಇಟ್ಟುಕೊಳ್ಳಿ. ಇವರು ಎರಡು ದಿನವೂ ಮಾತಾಡದೆ ಊಟ ಮಾಡಿ ಎದ್ದರು.

ಮೂರನೇ ದಿನ ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ನನ್ನ ಕುರ್ಚಿಯ ಮೇಲುಗಡೆ ಒಂದು ಹೊಸ ಲೈಟು ನೇತಾಡುತ್ತಿತ್ತು. ಎತ್ತಲು, ಇಳಿಸಲು ಒಂದು ತಂತಿ, ಕೈಗೆ ಸಿಗುವ ಹಾಗೆ ಸ್ವಿಚ್ಚು.

"ದಾರ ಕಾಣಲ್ಲ ಅಂತಿದ್ಯಲ್ಲ" ಅಂದರು, ನನ್ನ ಕಡೆ ನೋಡದೆ.

ತಪ್ಪಾಯಿತು ಅನ್ನೋಕೆ ಬೇರೆ ಗಂಡಂದಿರು ಹೂವು ತರುತ್ತಾರಂತೆ. ನಮ್ಮನೆಯವರು ವೈರಿಂಗ್ ಮಾಡುತ್ತಾರೆ.

ಅಪ್ಪನ ಜೀಪು

ಇಲ್ಲಿ ನಮ್ಮಪ್ಪನ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಅಪ್ಪ ಮೂವತ್ತು ವರ್ಷ ಕಲ್ಯಾಣದುರ್ಗಕ್ಕೂ ಬೆಳುಗುಪ್ಪಕ್ಕೂ ಜೀಪು ಓಡಿಸಿದವರು. ಒಳಗೆ ಹದಿನೈದು ಜನ, ಮೇಲೆ ಕಡಲೆಕಾಯಿ ಮೂಟೆ. ಎಂಟು ವರ್ಷದ ಹಿಂದೆ ಜೀಪು ದಾರಿಯಲ್ಲಿ ನಿಂತಿತು. ಅಪ್ಪ ಹಿಂದೂಪುರದಿಂದ ಅಳಿಯನನ್ನ ಕರೆಸಿದರು. ಇವರು ಎಂಜಿನ್ ಬಿಚ್ಚಿ, ನೋಡಿ, ಕೈ ಒರೆಸಿಕೊಂಡು, ಅಲ್ಲಿದ್ದ ನಾಲ್ಕು ಡ್ರೈವರುಗಳ ಮುಂದೆ ಒಂದೇ ಮಾತು ಹೇಳಿದರು.

"ಮುಗೀತು ಮಾವ. ಗುಜರಿಗೆ ಹಾಕಿ."

ಇವರ ಸ್ವಭಾವವೇ ಅದು, ಇದ್ದಿದ್ದನ್ನ ಇದ್ದ ಹಾಗೆ ಹೇಳುವುದು. ಅಪ್ಪ ಸಿಟ್ಟಾಗಲಿಲ್ಲ. ಜೀಪು ಹೋಯಿತು. ಬೇರೆ ಗಾಡಿ ಓಡಿಸೋಕೆ ಅಪ್ಪನಿಗೆ ಮನಸ್ಸಾಗಲಿಲ್ಲ. ಅವತ್ತಿನಿಂದ ಅಳಿಯನ ಜೊತೆ ಮೂರೇ ಮಾತು. ಬಂದಾಗ "ಬಂದ್ರಾ", ಮಧ್ಯಾಹ್ನ "ಊಟ ಆಯ್ತಾ", ಹೊರಡುವಾಗ "ಹೊಂಟ್ರಾ". ಇವರದೂ ಮೂರೇ ಉತ್ತರ. "ಹೂಂ ಮಾವ", "ಆಯ್ತು ಮಾವ", "ಬತ್ತೀನಿ ಮಾವ".

"ಅವತ್ತು ಹಂಗೆ ಹೇಳ್ಬಾರ್ದಿತ್ತು" ಅಂತ ಇವರು ನನ್ನ ಹತ್ತಿರ ಎಷ್ಟೋ ಸಲ ಅಂದಿದ್ದಾರೆ. ಅಪ್ಪನ ಹತ್ತಿರ ಅನ್ನೋಕೆ ಬಾಯಿ ಬರಲಿಲ್ಲ. ಎಂಟು ವರ್ಷದಲ್ಲಿ ಇಬ್ಬರ ನಡುವೆ ನಾಲ್ಕನೇ ಮಾತು ಅಂತ ಬಂದಿದ್ದು ಒಂದೇ ಸಲ. ಹೋದ ಸಂಕ್ರಾಂತಿಗೆ ಅಪ್ಪ "ಫ್ಯಾನ್ ಹಾಕ್ಲಾ" ಅಂದರು.

ಕಂಬಳಿ ಒಳಗೆ

ಕೊನೆಯ ಉಪಾಯ ಅಂತ ಇವರು ಒಂದು ಪುಟ್ಟ ಬಾಟಲಿ ಬಣ್ಣ ತಂದು ಕೂಲೆಂಟಿಗೆ ಬೆರೆಸಿದರು. ಬರಿಗಣ್ಣಿಗೆ ಅದು ಕಾಣುವುದಿಲ್ಲ. ನೇರಳೆ ಬೆಳಕಿನ ಟಾರ್ಚ್ ಬಿಟ್ಟರೆ ಮಾತ್ರ ನೀರು ಸೋರಿದ ಜಾಗವೆಲ್ಲ ಹಳದಿ ಹಸಿರಾಗಿ ಮಿಂಚುತ್ತದೆ. ಆದರೆ ಕತ್ತಲು ಬೇಕು. ಶನಿವಾರ ಕಲ್ಯಾಣದುರ್ಗಕ್ಕೆ ಹೋದೆವು. ಭಾನುವಾರ ಬೆಳಗ್ಗೆ ಏಳು ಗಂಟೆಗೇ ಅಂಗಳದಲ್ಲಿ ಕಣ್ಣು ಕುಕ್ಕುವ ಬಿಸಿಲು. ಇವರು ನನ್ನ ತಮ್ಮನ ಕಂಬಳಿ ಇಸಕೊಂಡು, ಎತ್ತಿದ ಬಾನೆಟ್ಟಿನ ಮೇಲೆ ಹೊದಿಸಿ, ಟಾರ್ಚ್ ಹಿಡಿದು ಒಳಗೆ ನುಗ್ಗಿದರು. ಹೊರಗೆ ಕಾಣುತ್ತಿದ್ದದ್ದು ಸೊಂಟದಿಂದ ಕೆಳಗೆ ಮಾತ್ರ.

ಎದುರು ಮನೆಯ ಅಕ್ಕ ನೀರಿನ ಬಿಂದಿಗೆ ಹಿಡಿದುಕೊಂಡು ಹೋಗುತ್ತಿದ್ದವರು ನಿಂತರು.

"ಏಮ್ಮಾ, ನಿಮ್ಮೆಜಮಾನ್ರಿಗೆ ನೆಗಡಿಯಾ? ಆವಿ ತಗೋತವ್ರಾ?"

"ನೆಗಡಿ ಕಾರಿಗೆ ಅಕ್ಕ" ಅಂದೆ.

ಅಷ್ಟರಲ್ಲಿ ಅಪ್ಪ ಕಾಫಿ ಲೋಟ ಹಿಡಿದುಕೊಂಡು ಬಂದರು. ಕಂಬಳಿಯನ್ನ ನೋಡಿದರು. ಮೂವತ್ತು ವರ್ಷ ಗಾಡಿಯ ಜೊತೆ ಬದುಕಿದವರು, ತಡೆಯೋಕೆ ಆಗಲಿಲ್ಲ ಅಂತ ಕಾಣುತ್ತೆ. ಕಂಬಳಿಯ ಅಂಚು ಎತ್ತಿ ಅವರೂ ಒಳಗೆ ಹೋದರು. ಹೊರಗೆ ಈಗ ಒಂದು ಪ್ಯಾಂಟು, ಒಂದು ಪಂಚೆ. ನಾನು ಮೆಲ್ಲಗೆ ಹತ್ತಿರ ಹೋಗಿ ನಿಂತೆ.

"ಏನ್ ಕಾಣ್ತದೆ?" ಅಪ್ಪನ ದನಿ.

"ಬಣ್ಣ ಹಾಕಿದೀನಿ ಮಾವ. ನೀರು ಸೋರಿದ ಕಡೆಯೆಲ್ಲ ಈ ಲೈಟಲ್ಲಿ ಮಿಂಚ್ತದೆ. ಇಲ್ನೋಡಿ, ಮುಚ್ಚಳದ ಸುತ್ತ."

"ಹೌದು ಕಣಪ್ಪ. ಮಿಣುಕುಹುಳ ಕೂತಂಗೈತೆ."

ಆಮೇಲೆ ಇವರ ದನಿ, ಬೇರೆ ಥರ.

"ಮಾವ, ನಿಮ್ ಕೈ."

ಇವರು ಆಮೇಲೆ ನನಗೆ ಹೇಳಿದ್ದು. ಆ ಕತ್ತಲಲ್ಲಿ ಅಪ್ಪನ ಐದೂ ಬೆರಳು ದೀಪದ ಹಾಗೆ ಹೊಳೆಯುತ್ತಿತ್ತಂತೆ. ಕಾಫಿ ಲೋಟದ ಮೇಲೂ ಬೆರಳ ಗುರುತು ಹೊಳೆಯುತ್ತಿತ್ತಂತೆ. ಇವರು ಮೊದಲು ಲೋಟ ಇಸಕೊಂಡು ಹೊರಗೆ ನನ್ನ ಕೈಗೆ ಕೊಟ್ಟು, "ಇದನ್ನ ಚೆಲ್ಲು, ಕೂಲೆಂಟ್ ಹೊಟ್ಟೆಗೆ ಹೋಗ್ಬಾರ್ದು, ಅವರಿಗೆ ಸೋಪಲ್ಲಿ ಕೈ ತೊಳ್ಕೊಂಡ ಮೇಲೆ ಬೇರೆ ಕೊಡು" ಅಂದರು. ಮತ್ತೆ ಒಳಗೆ ಹೋದರು.

"ಈ ಮುಚ್ಚಳ ನೀವು ತೆಗೆದ್ರಾ ಮಾವ?"

"ತೆಗೀತೀನಿ" ಅಂದರು ಅಪ್ಪ, ತಡೆದು. "ಇವತ್ತೊಂದಿನ ಅಲ್ಲ. ನೀವು ಬಂದಾಗೆಲ್ಲ. ಬೆಳಗ್ಗೆ ಎದ್ದು, ಗಾಡಿ ತಣ್ಣಗಿರುವಾಗ, ಒಂದು ಚೊಂಬು ನೀರು ಹಾಕ್ತೀನಿ."

"ಯಾಕೆ ಮಾವ?"

"ಮಗಳು ಅಮ್ಮನ್ನ ನೋಡಕ್ಕೆ ಅಂತ ಬಂದ್ಳಲ್ಲ, ಮೊದಲ್ನೇ ಸಲ, ಅವತ್ತು ತೆಗೆದು ನೋಡ್ದೆ. ಡಬ್ಬಿ ಅರ್ಧ ಖಾಲಿ. ನನ್ ಜೀಪಿಗೆ ನಾನು ಯಾವತ್ತೂ ಬಾಯಿಗಂಟ ತುಂಬಿಸ್ದಲೇ ಹೊಂಟೋನಲ್ಲ. ಮುಂದಿನ ಸಲ ನೋಡ್ತೀನಿ, ಮತ್ತೆ ಅರ್ಧ. ಎಲ್ಲೋ ಸೋರ್ತದೆ ಅಂತ ಗೊತ್ತಾಯ್ತು."

"ನಂಗೆ ಹೇಳ್ಬೋದಿತ್ತಲ್ಲ."

"ಹೆಂಗ್ ಹೇಳ್ಲಿ ಅಳಿಯಂದ್ರೆ? ನೀರಿನ ಡಾಕ್ಟ್ರು ಅಂತ ಹಿಂದೂಪುರದಾಗೆ ಹೆಸ್ರು ಮಾಡಿದೀರ. ನಿಮ್ ಕಾರೇ ಸೋರ್ತೈತೆ, ಅದು ನಿಮಗೇ ಸಿಕ್ಕಿಲ್ಲ ಅಂತ ನಾನು ಹೇಳಿದ್ರೆ ನೊಂದ್ಕೊಂತೀರ. ಅದಕ್ಕೆ ಯಾರ್ಗೂ ಗೊತ್ತಾಗ್ದಂಗೆ ಹಾಕ್ತಿದ್ದೆ."

ನಾನು ಸೆರಗಿನ ತುದಿ ಕಚ್ಚಿಕೊಂಡೆ. ಆ ಡಬ್ಬಿ ಅರ್ಧ ಖಾಲಿಯೇ ಇರಬೇಕು, ಬಿಸಿಯಾದ ನೀರು ಉಬ್ಬೋಕೆ ಜಾಗ ಬೇಕು ಅಂತ ನನಗೇ ಗೊತ್ತು.

"ಮುಚ್ಚಳ ಅರ್ಧಕ್ಕೇ ಬಿಟ್ಟಿದೀರ?"

"ಪೂರಾ ಬಿಗಿದ್ರೆ ರೇಡಿಯೇಟರ್ ಮೇಲೆ ಭಾರ ಬೀಳ್ತದೆ ಕಣಪ್ಪ. ಹಳೇ ಗಾಡಿ. ಸ್ವಲ್ಪ ಉಸಿರಾಡ್ಲಿ."

ಮೂರು ತಿಂಗಳ ಸೋರಿಕೆ ಅಷ್ಟೇ. ಅರ್ಧ ಮುಚ್ಚಿದ ಮುಚ್ಚಳದಿಂದ ದಾರಿಯುದ್ದಕ್ಕೂ ನೀರು ಆವಿಯಾಗಿ ಹೋಗುತ್ತಿತ್ತು. ಹಿಂದೂಪುರಕ್ಕೆ ಬಂದ ಮೇಲೆ ನಾವೇ ಅದನ್ನ ತೆಗೆದು, ಇವರೇ ಗಟ್ಟಿಯಾಗಿ ಮುಚ್ಚಿ, ಆಮೇಲೆ ಎಲ್ಲಿ ಸೋರುತ್ತೆ ಅಂತ ಹುಡುಕುತ್ತಿದ್ದೆವು.

ಈಗ ಇವರು ಇದ್ದಿದ್ದನ್ನ ಇದ್ದ ಹಾಗೆ ಹೇಳಿಬಿಡುತ್ತಾರೆ ಅಂತ ನಾನು ಕಂಬಳಿಗೆ ಇನ್ನೂ ಹತ್ತಿರ ಸರಿದೆ.

"ಹೌದು ಮಾವ" ಅಂದರು ಇವರು. "ನಂಗೆ ಸಿಗ್ಲೇ ಇಲ್ಲ. ಈಗ ನೋಡಿದ್ರೆ ಮುಚ್ಚಳದ್ದೇ ಏನೋ ಇದ್ದಂಗೈತೆ."

"ನಾನೂ ಅಂಗೇ ಅನ್ಕೊಂಡೆ. ಮುಚ್ಚಳದ್ದೇ ದೋಷ."

"ಹೊಸದು ಹಾಕ್ತೀನಿ. ಅದನ್ನ ಟಕ್ ಅನ್ನೋಗಂಟ ತಿರುಗಿಸ್ಬೇಕಂತೆ. ನೀರೂ ಈ ಗೆರೆಗಂಟ ಸಾಕಂತೆ, ಕಂಪನಿಯೋರು ಹಂಗೆ ಮಾಡವ್ರೆ."

"ಕಂಪನಿಯೋರಿಗೆ ಏನ್ ತಿಳೀತದೆ" ಅಂದರು ಅಪ್ಪ. "ಸರಿ ಬಿಡಿ, ನೀವ್ ಹೇಳ್ತೀರ ಅಂತ ಹಂಗೇ ಮಾಡ್ತೀನಿ."

ಇಬ್ಬರೂ ಹೊರಗೆ ಬರಲಿಲ್ಲ. ಟಾರ್ಚ್ ಆರಿಸಿದ್ದು ಗೊತ್ತಾಯಿತು. ಆ ಕತ್ತಲಲ್ಲಿ ಅಪ್ಪ ಕೇಳಿದರು.

"ಅವತ್ತು ಜೀಪು ನಿಜವಾಗ್ಲೂ ಮುಗಿದಿತ್ತಾ?"

"ಮುಗಿದಿತ್ತು ಮಾವ. ಆದ್ರೆ ನಾನು ಹಂಗೆ ಹೇಳ್ಬಾರ್ದಿತ್ತು. ಎಂಜಿನ್ ಬಿಚ್ಚಿ ನೋಡ್ದಾಗ, ಅದು ಅಷ್ಟ್ ವರ್ಷ ಹೆಂಗ್ ಓಡ್ತು ಅಂತ್ಲೇ ನಂಗೆ ತಿಳೀಲಿಲ್ಲ. ಓಡಿಸ್ದೋರ ಕೈ ಅಂಥಾದ್ದು. ಅದನ್ನ ಹೇಳ್ಬೇಕಿತ್ತು, ಹೇಳ್ಲಿಲ್ಲ."

ಅಪ್ಪ ಕೆಮ್ಮಿದರು. ಮೂಗು ಒರೆಸಿಕೊಂಡ ಸದ್ದು ಬಂತು. ಯಾರ ಮೂಗು ಅಂತ ಹೊರಗಿನಿಂದ ಗೊತ್ತಾಗಲಿಲ್ಲ.

ಬಿಂದಿಗೆಯ ಅಕ್ಕ ವಾಪಸ್ಸು ಬರುತ್ತಿದ್ದರು. ಈ ಸಲ ನಾಲ್ಕು ಕಾಲು ನೋಡಿ, ಮೂಗಿನ ಸದ್ದನ್ನೂ ಕೇಳಿ, ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು.

"ಅಯ್ಯೋ ಪಾಪ. ನಿಮ್ಮಪ್ಪನಿಗೂ ಅಂಟ್ಕೊಂಬುಡ್ತಾ?"

ನೀವು ಕೇಳಲಿಲ್ಲ

ವಾಪಸ್ಸು ಬರುವಾಗ ಇವರು ಅಂದರು, "ಒಂದೇ ಒಂದು ತಿಳೀತಿಲ್ಲ. ಪ್ರತಿ ಸಲ ಮುಚ್ಚಳ ತೆಗೆಯೋಳು ನೀನು. ಸಡಿಲ ಇದ್ದದ್ದು ಗೊತ್ತಾಗ್ಲಿಲ್ವಾ?"

"ಗೊತ್ತಿತ್ತು."

ಇವರು ನನ್ನ ಕಡೆ ತಿರುಗಿದರು.

"ಮುಟ್ಟಿದ್ ತಕ್ಷಣ ಬಂದ್ಬುಡ್ತಿತ್ತು. ಉಪ್ಪಿನಕಾಯಿ ಡಬ್ಬಿಗಿಂತ ಸಲೀಸು. ಎಷ್ಟ್ ಚೆನ್ನಾಗಿ ಮಾಡವ್ರೆ ಅನ್ಕೊಂಡೆ."

"ಮೂರು ತಿಂಗಳಿಂದ ನಂಗ್ಯಾಕೆ ಹೇಳ್ಲಿಲ್ಲ?"

"ನೀವು ನೀರು ಎಲ್ಲಿಗೋಯ್ತು ಅಂತ ಕೇಳ್ತಿದ್ರಿ. ಮುಚ್ಚಳ ಹೆಂಗೈತೆ ಅಂತ ಕೇಳ್ಲಿಲ್ಲ."

ಮಡಕಶಿರದ ಹತ್ತಿರ ಕಾರು ಪಕ್ಕಕ್ಕೆ ನಿಲ್ಲಿಸಿದರು. ಸ್ಟಿಯರಿಂಗ್ ಮೇಲೆ ತಲೆ ಇಟ್ಟುಕೊಂಡರು. ಭುಜ ಕುಲುಕುತ್ತಿತ್ತು. ನಾನು ಹೆದರಿಕೊಂಡು ಮುಟ್ಟಿ ನೋಡಿದರೆ, ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಆಮೇಲೆ ಆ ನೀರನ್ನ ಬೆರಳಲ್ಲಿ ಒರೆಸಿ, ಹೆಬ್ಬೆರಳಿಗೆ ಉಜ್ಜಿ ನೋಡಿಕೊಂಡು, "ಜಿಡ್ಡಿಲ್ಲ" ಅಂದರು.

ಬೆಳುಗುಪ್ಪದ ಕಾರು

ಅದಾದ ಮೇಲೆ ನಮ್ಮ ಕಾರಿನ ನೀರು ಗೆರೆ ಬಿಟ್ಟು ಕದಲಿಲ್ಲ. ಅಮ್ಮನೂ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಆದರೆ ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಬೇರೆ ಸುದ್ದಿ ಹುಟ್ಟಿತು. ಅಳಿಯನಿಗೆ ಮೂರು ತಿಂಗಳಿಂದ ಸಿಗದ ಸೋರಿಕೆಯನ್ನ ಅಪ್ಪ ಒಂದು ಬೆಳಗ್ಗೆಯಲ್ಲಿ ಕಂಡುಹಿಡಿದುಕೊಟ್ಟರು ಅಂತ. ಯಾರು ಹೇಳಿದ್ದು ಅಂತ ಕೇಳಬೇಡಿ. ಇವರು ಒಂದು ದಿನವೂ ಅದು ಸುಳ್ಳು ಅನ್ನಲಿಲ್ಲ.

ಹೋದ ತಿಂಗಳು ಬೆಳುಗುಪ್ಪದಿಂದ ಒಬ್ಬ ರೈತರು ಕಾರು ತಂದರು. ದೊಡ್ಡ ಮೀಸೆ, ಮೃದು ಮಾತು. ನೀರು ಸ್ವಲ್ಪ ಸ್ವಲ್ಪವೇ ಕಮ್ಮಿಯಾಗುತ್ತಿತ್ತಂತೆ. "ನಿಮ್ ಮಾವ ಕಳ್ಸಿದ್ರು" ಅಂದರು. ಇವರು ಬಾನೆಟ್ ಎತ್ತಿ, ಹತ್ತು ನಿಮಿಷ ನೋಡಿ, ವಾಟರ್ ಪಂಪಿನ ಕೆಳಗೆ ಬೆರಳಾಡಿಸಿ, ಒಣಗಿ ಅಂಟಿದ್ದ ಹಸಿರು ಪುಡಿಯನ್ನ ನನಗೆ ತೋರಿಸಿದರು. ಸೋರುವ ಜಾಗ ಸಿಕ್ಕಿತ್ತು. ಕೆಲಸ ಶುರು ಮಾಡುತ್ತಾರೆ ಅಂತ ನಾನು ಅಂದುಕೊಂಡೆ. ಇವರು ಕೈ ಒರೆಸಿಕೊಂಡು ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

"ಮಾವ, ಬೆಳುಗುಪ್ಪದ ಕಾರು ಬಂದೈತೆ. ನೀರು ಕಮ್ಮಿ ಆಗ್ತದೆ. ಕೆಳಗೆ ಒಂದ್ ಹನಿನೂ ಬಿದ್ದಿಲ್ಲ. ನೀವೇನಂತೀರ?"

ಆ ಕಡೆಯಿಂದ ಅಪ್ಪ ಒಂದೊಂದೇ ಕೇಳಿದರು. ಗಾಡಿ ಎಷ್ಟು ವರ್ಷದ್ದು, ಹೊಗೆ ಬಿಳೀದಾ, ಎಂಜಿನ್ನಿಂದ ಸದ್ದೇನಾದರೂ ಬರುತ್ತದಾ. ಇವರು ಒಂದೊಂದಕ್ಕೂ ಹೊಸದಾಗಿ ಬಗ್ಗಿ ನೋಡಿ, ಕಿವಿಗೊಟ್ಟು, ಉತ್ತರ ಹೇಳಿದರು. ಅರ್ಧ ಗಂಟೆ ಆಯಿತು. ಎಂಟು ವರ್ಷದಿಂದ ಬಾಕಿ ಇದ್ದ ಮಾತು ಅಷ್ಟು ಬೇಗ ಮುಗಿಯುತ್ತದಾ? ನಾನು ಲೈಟು ಸ್ವಲ್ಪ ಕೆಳಗೆ ಇಳಿಸಿಕೊಂಡು ದಾರ ಪೋಣಿಸುತ್ತಾ ಕೂತೆ. ಕೊನೆಗೆ ಫೋನಿನಿಂದ ಅಪ್ಪನ ದನಿ ಶೆಡ್ಡಿನ ತುಂಬ ಕೇಳಿಸಿತು.

"ವಾಟರ್ ಪಂಪ್ ಒಂದ್ಸಲ ನೋಡ್ಬುಡಿ ಅಳಿಯಂದ್ರೆ. ನಂಗ್ಯಾಕೋ ಅಲ್ಲೇ ಅನ್ಸುತ್ತೆ."

"ಸರಿ ಮಾವ. ಅಲ್ಲೇ ನೋಡ್ತೀನಿ" ಅಂದರು ಇವರು. ಮುಖ ಅರಳಿತ್ತು.

ಬೆಳುಗುಪ್ಪದವರು ಅಷ್ಟು ಹೊತ್ತೂ ಸ್ಟೂಲಿನ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಇವರು ಸ್ಪ್ಯಾನರ್ ಹಿಡಿದು ಕಾರಿನ ಕೆಳಗೆ ಹೋದ ಮೇಲೆ ಸ್ಟೂಲನ್ನ ನನ್ನ ಕುರ್ಚಿಯ ಹತ್ತಿರಕ್ಕೆ ಎಳಕೊಂಡರು. ಇವರಿಗೆ ಕೇಳಿಸಬಾರದು ಅಂತ ದನಿ ತಗ್ಗಿಸಿದರು.

"ಬೇಜಾರ್ ಮಾಡ್ಕಬೇಡಿ ತಾಯಿ. ನಿಮ್ಮೆಜಮಾನ್ರು ಈ ಕೆಲ್ಸಕ್ಕೆ ಹೊಸಬ್ರಾ?"

ಕಾರಿನ ಕೆಳಗಿಂದ ಇವರ ಎರಡು ಕಾಲು ಕಾಣುತ್ತಿತ್ತು. ಹೆಬ್ಬೆರಳು ತಾಳ ಹಾಕುತ್ತಿತ್ತು.

"ಇಪ್ಪತ್ತೆರಡು ವರ್ಷ ಆಯ್ತು ಕಣಣ್ಣ" ಅಂದೆ. "ಈಗೀಗ ಕಲೀತಾವ್ರೆ."